ಸಾಕ್ಷ್ಯಚಿತ್ರದ ಫಲವನ್ನು ಅಳೆಯತಕ್ಕವರು ಯಾರು?

ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಒಂದು ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸುತ್ತಿದ್ದ ಕಾಲವನ್ನು ನಮ್ಮ ಮನೆಗಳ ಹಿರಿಯರು ಇನ್ನೂ ನೆನೆಯುತ್ತಾರೆ. ಭಾರತ ಸರ್ಕಾರವು ೧೯೪೮ರಲ್ಲಿ ಫಿಲ್ಮ್ಸ್ ಡಿವಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತಷ್ಟೆ. ಅಣೆಕಟ್ಟು, ಬೇಸಾಯ, ಲಸಿಕೆ, ಕುಟುಂಬ ಯೋಜನೆ ಮೊದಲಾದ ವಿಷಯಗಳ ಮೇಲೆ ಅದು ತಯಾರಿಸುತ್ತಿದ್ದ ಚಿತ್ರಗಳನ್ನು ಚಿತ್ರಮಂದಿರದವರು ತೋರಿಸಲೇಬೇಕೆಂದು ಕಟ್ಟಳೆಯಿತ್ತು; ತೋರಿಸಿದ್ದಕ್ಕೆ ಬಾಡಿಗೆಯನ್ನೂ ಅವರೇ ತೆರಬೇಕಾಗಿತ್ತು. ನೋಡುವವರ ಪಾಡು ಬೇರೆ. ಬೀಡಿ ಸೇದುವವರು ಅದು ಮುಗಿಯುವ ತನಕ ಹೊರಗೇ ನಿಂತಿದ್ದು, ಮುಖ್ಯ ಚಿತ್ರದ ಹೆಸರು ಬಿದ್ದಾಗ ಒಳಗೆ ಬರುತ್ತಿದ್ದರೆಂದು ನನ್ನ ಅಜ್ಜ ಹೇಳುತ್ತಾರೆ. ಟಿಕೆಟ್ಟಿನ ಲೆಕ್ಕ ಹಿಡಿದರೆ ಆ ಬೀಡಿಯವರೂ ಲಸಿಕೆಯ ಚಿತ್ರದ ಪ್ರೇಕ್ಷಕರೇ! ಆ ಸಂಸ್ಥೆ ೨೦೨೨ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು. ತಲೆ ಎಣಿಸಿ ತೃಪ್ತಿಪಡುವ ಅಭ್ಯಾಸ ಮಾತ್ರ ಅದರೊಡನೆ ಹೋಗಲಿಲ್ಲ. ಟಿಕೆಟ್ಟಿನ ಬದಲು ಈಗ ಯೂಟ್ಯೂಬಿನ ‘ವ್ಯೂಸ್’ ಎಣಿಸುತ್ತೇವೆ.

ಈ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರು ಬರುವ ವರ್ಷದ ಶಿಬಿರದ ಹಳ್ಳಿಯಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆಯಬೇಕೆಂದು ನಿಶ್ಚಯಿಸಿದ್ದಾರೆ. ಆ ಊರಿನಲ್ಲಿ ಎಂಟನೆಯ ತರಗತಿಯವರೆಗೆ ಶಾಲೆಯುಂಟು. ಅಲ್ಲಿಂದ ಮುಂದೆ ಒಂಬತ್ತು ಕಿಲೋಮೀಟರು ಹೋಗಬೇಕು. ಹೆಣ್ಣುಮಕ್ಕಳಲ್ಲಿ ಅನೇಕರು ಹೋಗುವುದಿಲ್ಲ. ಅದೇ ಚಿತ್ರದ ವಿಷಯ. ಈ ಬಗ್ಗೆ ನಡೆದ ಸಭೆಯಲ್ಲಿ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಯಾವ ಕ್ಯಾಮೆರಾ, ಎಂಥ ಸಂಗೀತ, ಯಾವ ಸ್ಪರ್ಧೆಗೆ ಕಳುಹಿಸುವುದು, ಎಲ್ಲವೂ ಚರ್ಚೆಗೆ ಬಂದವು. ಚಿತ್ರದಿಂದ ಆ ಹುಡುಗಿಯರಿಗೆ ಏನಾಗಬೇಕು, ಆಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದೊಂದು ಬರಲಿಲ್ಲ. ‘ಜಾಗೃತಿ ಮೂಡಿಸುವುದು’ ಎಂಬ ಎರಡು ಮಾತಿನಲ್ಲಿ ಅದು ಮುಗಿದುಹೋಯಿತು. ಜಾಗೃತಿ ನಮ್ಮ ಕಾಲೇಜುಗಳಲ್ಲಿ ಬಲು ಅಗ್ಗದ ಸರಕು. ಬ್ಯಾನರು ಕಟ್ಟಿದರೆ ಮೂಡುತ್ತದೆ, ಬಿಚ್ಚಿದರೆ ಮುಳುಗುತ್ತದೆ.

ಕಲೆಯನ್ನು ತಕ್ಕಡಿಯಲ್ಲಿಟ್ಟು ತೂಗಬಾರದೆಂದು ಅಧ್ಯಾಪಕರೊಬ್ಬರು ಅಂದು ಹೇಳಿದರು. ಅವರಲ್ಲಿ ನನಗೆ ಗೌರವವಿದೆ. ಕವಿತೆಯ ವಿಷಯದಲ್ಲಿ ಆ ಮಾತು ನಿಜವೂ ಹೌದು. ಆದರೆ ಸಾಕ್ಷ್ಯಚಿತ್ರ ಬೆಳೆದು ಬಂದ ಬಗೆ ಬೇರೆ. ೧೯೨೬ರಲ್ಲಿ ‘ಮೊಆನಾ’ ಎಂಬ ಚಿತ್ರದ ವಿಮರ್ಶೆ ಬರೆಯುತ್ತ ‘ಡಾಕ್ಯುಮೆಂಟರಿ’ ಎಂಬ ಪದವನ್ನು ಬಳಕೆಗೆ ತಂದ ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್ ಸಿನಿಮಾವನ್ನು ಉಪದೇಶದ ಪೀಠವೆಂದೇ ಎಣಿಸಿದ್ದವನು. ಪೀಠ ಹತ್ತಿದವನನ್ನು, ಕೇಳಿದವರು ಎದ್ದುಹೋಗಿ ಏನು ಮಾಡಿದರಯ್ಯ ಎಂದು ವಿಚಾರಿಸಿದರೆ ತಪ್ಪೇನು? ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕವಿ ತನ್ನ ನೋವನ್ನು ಬರೆಯುತ್ತಾನೆ. ಸಾಕ್ಷ್ಯಚಿತ್ರದವನು ಇನ್ನೊಬ್ಬರ ಮುಖವನ್ನು, ಇನ್ನೊಬ್ಬರ ಮನೆಯ ಬಾಗಿಲನ್ನು, ಇನ್ನೊಬ್ಬರ ಕಣ್ಣೀರನ್ನು ಎರವಲು ತರುತ್ತಾನೆ. ಎರವಲು ತಂದವನು ಲೆಕ್ಕ ಒಪ್ಪಿಸಬೇಡವೆ?

ಲೆಕ್ಕ ಒಪ್ಪಿಸುವುದು ಹೇಗೆಂಬುದಕ್ಕೆ ನಾವು ಬಹು ದೂರ ಹೋಗಬೇಕಾಗಿಲ್ಲ. ನಮ್ಮ ಭಾಗದಲ್ಲಿಯೇ ಈ ಕೆಲಸ ಒಮ್ಮೆ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ನಮ್ಮಲ್ಲಿ ಅನೇಕರಿಗೆ ಅದು ತಿಳಿಯದು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ಹೆಸರಿನ ಉಪಗ್ರಹ ಟೆಲಿವಿಷನ್ ಶಿಕ್ಷಣದ ಪ್ರಯೋಗ ನಮ್ಮ ದೇಶದಲ್ಲಿ ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯವರು ಬಳಸಲು ಕೊಟ್ಟ ಎಟಿಎಸ್-೬ ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ತಂತಿಯ ಬಲೆ ಬಿಗಿದ ಹತ್ತು ಅಡಿ ಅಗಲದ ಒಂದು ಆಂಟೆನಾ, ಊರಿಗೆಲ್ಲ ಒಂದೇ ಟಿವಿ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಅದರ ನಡುವೆ ಹಾಡು ನಾಟಕ. ಇವೆಲ್ಲ ಶುದ್ಧ ಸಾಕ್ಷ್ಯಚಿತ್ರಗಳಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಉದ್ದೇಶ ಒಂದೇ ಆದ್ದರಿಂದ ನಾನು ಅದನ್ನು ಇಲ್ಲಿ ತಂದಿದ್ದೇನೆ.

ಅದರಲ್ಲಿ ನನಗೆ ಹಿಡಿಸಿದ್ದು ಉಪಗ್ರಹವಲ್ಲ, ಅದರ ಹಿಂದೆ ಬಂದ ಲೆಕ್ಕಪುಸ್ತಕ. ಪ್ರಸಾರ ಪ್ರಾರಂಭವಾಗುವ ಮುಂಚೆಯೇ ಹಳ್ಳಿಗಳಿಗೆ ಹೋಗಿ, ಜನರಿಗೆ ಏನು ಗೊತ್ತು, ಏನು ಮಾಡುತ್ತಾರೆ ಎಂದು ಕೇಳಿ ಬರೆದುಕೊಂಡರು. ನಡುವೆ ಮತ್ತೆ ಕೇಳಿದರು. ಮುಗಿದ ಮೇಲೂ ಕೇಳಿದರು. ಟಿವಿ ಇಲ್ಲದ ಹಳ್ಳಿಗಳನ್ನೂ ಹೋಲಿಕೆಗಾಗಿ ಇಟ್ಟುಕೊಂಡರು. ಪ್ರಶ್ನಾವಳಿಯೊಂದೇ ಸಾಲದೆಂದು ಮಾನವಶಾಸ್ತ್ರಜ್ಞರು ಕೆಲವು ಊರುಗಳಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು ನೋಡಿದರು. ಕಂಡದ್ದನ್ನು ಕಂಡಂತೆಯೇ ವರದಿ ಮಾಡಿದರು. ಮೊದಲ ದಿನಗಳಲ್ಲಿ ಮುಗಿಬಿದ್ದ ಜನ ಹೊಸತನ ಕಳೆದಂತೆ ಕರಗಿದರು. ಆರೋಗ್ಯ ಮುಂತಾದ ವಿಷಯಗಳಲ್ಲಿ ಹೆಚ್ಚು ತಿಳಿವಳಿಕೆ ಗಳಿಸಿದವರು ಓದುಬಾರದವರು, ಹೆಂಗಸರು. ಇದು ಸಣ್ಣ ಮಾತಲ್ಲ. ಬೇಸಾಯದಲ್ಲಿ ಹೊಸ ಕ್ರಮಗಳನ್ನು ಹಿಡಿದವರು ಅಷ್ಟಾಗಿ ಕಾಣಲಿಲ್ಲ. ಶಾಲೆಗೆ ಸೇರುವ ಮಕ್ಕಳ ಸಂಖ್ಯೆಯೂ ಟಿವಿಯಿಂದ ಏರಲಿಲ್ಲ.

ಈ ಕಡೆಯ ಎರಡು ಸಂಗತಿಗಳನ್ನು ನಮ್ಮ ಚಿತ್ರ ತೆಗೆಯುವ ಮಿತ್ರರು ಗಮನವಿಟ್ಟು ಓದಬೇಕೆಂದು ಬೇಡುತ್ತೇನೆ. ಮಗುವಿಗೆ ಭೇದಿಯಾದಾಗ ಏನು ಕುಡಿಸಬೇಕೆಂದು ತಿಳಿದ ತಾಯಿ ಅಂದೇ ಅದನ್ನು ಮಾಡಬಲ್ಲಳು. ಅದು ಅವಳ ಕೈಯಲ್ಲಿಯೇ ಇದೆ. ಹೊಸ ತಳಿ ಬಿತ್ತಬೇಕೆಂದು ತಿಳಿದ ರೈತನಿಗೆ ಬೀಜ, ಗೊಬ್ಬರ, ನೀರು, ಸಾಲ ಬೇಕು. ಅವು ತೆರೆಯಿಂದ ಇಳಿದು ಬರಲಾರವು. ತಿಳಿವಳಿಕೆಯ ಕೊರತೆಯಿಂದ ನಿಂತಿರುವ ಕೆಲಸವನ್ನು ಚಿತ್ರ ಮುಂದಕ್ಕೆ ತಳ್ಳೀತು. ಬೇರೆ ಕೊರತೆಯಿಂದ ನಿಂತ ಕೆಲಸಕ್ಕೆ ತಿಳಿವಳಿಕೆಯನ್ನು ಎಷ್ಟು ಸುರಿದರೂ ಅದು ಅಲುಗದು. ಹೆಣ್ಣುಮಕ್ಕಳು ಶಾಲೆ ಬಿಡುವುದು ಇವೆರಡರಲ್ಲಿ ಯಾವ ಜಾತಿಯದು? ಇದನ್ನು ಮೊದಲು ತಿಳಿಯದೆ ಕ್ಯಾಮೆರಾ ಎತ್ತಬಾರದು.

ಸೈಟ್ ಪ್ರಯೋಗಕ್ಕೂ ಒಂದು ಊನವಿತ್ತು. ಕೇಳುವವರು ಪಟ್ಟಣದವರು, ಉತ್ತರ ಹೇಳುವವರು ಹಳ್ಳಿಯವರು. ಒಂದು ವರ್ಷವಾದೊಡನೆ ಉಪಗ್ರಹ ತನ್ನ ದಾರಿ ಹಿಡಿಯಿತು. ೧೯೭೭ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವಾದದ್ದರಿಂದ ಹತ್ತಿರದ ಊರುಗಳಿಗೆ ಟಿವಿ ಮತ್ತೆ ಬಂತು. ದೂರದವರಿಗೆ ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಉಳಿಯಿತು. ಅಳತೆಗೋಲು ಊರಿನವರ ಕೈಯಲ್ಲಿ ಇದ್ದಿದ್ದರೆ ಅವರು ಮೊದಲು ಕೇಳುತ್ತಿದ್ದುದು ‘ಮುಂದಿನ ವರ್ಷ ಏನು?’ ಎಂದೇ ಇರಬೇಕು.

ಅಳತೆಗೋಲನ್ನು ಊರಿನವರ ಕೈಗೆ ಕೊಟ್ಟ ಒಂದು ಉದಾಹರಣೆ ದೂರದ ಕೆನಡಾದಲ್ಲಿದೆ. ನ್ಯೂಫೌಂಡ್‌ಲೆಂಡಿನ ಕಡಲಿನಲ್ಲಿ ಫೋಗೊ ಎಂಬ ದ್ವೀಪವುಂಟು. ಬಡ ಬೆಸ್ತರ ಹಲವು ಸಣ್ಣ ಊರುಗಳು. ಒಂದೊಂದು ಊರಿಗೆ ಒಂದೊಂದು ಕ್ರೈಸ್ತ ಪಂಥ, ಒಬ್ಬರಿಗೊಬ್ಬರಿಗೆ ಮಾತಿಲ್ಲ. ದ್ವೀಪ ಬಿಟ್ಟು ಬೇರೆ ಕಡೆ ನೆಲೆಸಿರೆಂದು ಸರ್ಕಾರ ಒತ್ತಾಯಿಸುತ್ತಿದ್ದ ಕಾಲವದು. ೧೯೬೭ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಕಾಲಿನ್ ಲೋ ಎಂಬಾತ, ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯದವರ ನೆರವಿನಿಂದ, ಆ ದ್ವೀಪಕ್ಕೆ ಹೋದ. ದೇಶಕ್ಕೆಲ್ಲ ತೋರಿಸುವ ಒಂದು ದೊಡ್ಡ ಚಿತ್ರವನ್ನು ಆತ ತೆಗೆಯಲಿಲ್ಲ. ಇಪ್ಪತ್ತೇಳು ಚಿಕ್ಕ ಚಿತ್ರಗಳನ್ನು ತೆಗೆದ. ಒಂದರಲ್ಲಿ ಒಬ್ಬನ ಮಾತು, ಇನ್ನೊಂದರಲ್ಲಿ ಒಂದು ಸಭೆ, ಮತ್ತೊಂದರಲ್ಲಿ ಒಂದು ಸಂತೋಷಕೂಟ. ಒಬ್ಬನ ಮಾತನ್ನು ಕತ್ತರಿಸಿ ಇನ್ನೊಬ್ಬನ ಮಾತಿಗೆ ಎದುರು ನಿಲ್ಲಿಸುವ ಚಮತ್ಕಾರವನ್ನು ಬೇಕೆಂದೇ ಬಿಟ್ಟ. ಮಾತಾಡಿದವರಿಗೇ ಮೊದಲು ತೋರಿಸಿ, ಬೇಡವೆಂದದ್ದನ್ನು ತೆಗೆದುಹಾಕಿದ. ಆಮೇಲೆ ಆ ಚಿತ್ರಗಳನ್ನು ಊರಿಂದೂರಿಗೆ ಒಯ್ದು ತೋರಿಸಿದರು. ಒಂದೇ ಬಗೆಯ ಸಂಕಟ ಆಚೆಯ ಊರಿನಲ್ಲಿಯೂ ಇದೆಯೆಂದು ಜನ ತೆರೆಯ ಮೇಲೆ ಕಂಡರು. ಬಳಿಕ ಅವನ್ನು ಮಂತ್ರಿಗಳಿಗೆ ತೋರಿಸಲಾಯಿತು. ಮೀನುಗಾರಿಕೆಯ ಮಂತ್ರಿಯ ಉತ್ತರವನ್ನೂ ಚಿತ್ರ ತೆಗೆದು ದ್ವೀಪಕ್ಕೆ ತಂದರು. ಬೆಸ್ತರು ಸಹಕಾರ ಸಂಘ ಮಾಡಿಕೊಂಡರು, ದೋಣಿ ಕಟ್ಟುವ ಕೆಲಸ ನಡೆಯಿತು, ಜನ ಊರು ಬಿಡಲಿಲ್ಲ. ಇಲ್ಲಿ ಫಲವೇನೆಂದು ಹೇಳಲು ತಜ್ಞರು ಬೇಡ. ದ್ವೀಪದಲ್ಲಿ ಜನ ಇದ್ದಾರೋ ಇಲ್ಲವೋ ನೋಡಿದರೆ ಸಾಕು.

ಆದರೆ ಇಲ್ಲಿಯೂ ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ನ್ಯಾಯವಾಗದು. ಚಿತ್ರದವರು ಬರುವ ಮೊದಲೇ ಆ ದ್ವೀಪದವರು ಒಂದು ಸಮಿತಿ ಕಟ್ಟಿಕೊಂಡು ಓಡಾಡುತ್ತಿದ್ದರು. ಕ್ಯಾಮೆರಾ ಆ ಓಡಾಟಕ್ಕೆ ಕಾಲು ಕೂಡಿಸಿತು, ಹುಟ್ಟಿಸಲಿಲ್ಲ. ಕಲಬುರಗಿಯ ಶರಣಬಸವೇಶ್ವರರ ತೇರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗ್ಗಕ್ಕೆ ಕೈ ಹಾಕಿದವರು ಎಷ್ಟೋ ಮಂದಿ. ಅವರಲ್ಲೊಬ್ಬ ಮನೆಗೆ ಹೋಗಿ ‘ತೇರು ಎಳೆದವನು ನಾನು’ ಎಂದರೆ ಹೆಂಡತಿ ಕೂಡ ನಗುತ್ತಾಳೆ.

ಇಂಥ ನಗೆಗೀಡಾಗುವ ಹೇಳಿಕೆಗಳು ಸಾಕ್ಷ್ಯಚಿತ್ರದ ಲೋಕದಲ್ಲಿ ಬೇಕಾದಷ್ಟಿವೆ. ಪಾಕಿಸ್ತಾನದ ಶರ್ಮೀನ್ ಒಬೈದ್-ಚಿನಾಯ್ ಅವರ ‘ಎ ಗರ್ಲ್ ಇನ್ ದಿ ರಿವರ್’ ಎಂಬ ಚಿತ್ರವನ್ನು ತೆಗೆದುಕೊಳ್ಳಿ. ತಾನೊಪ್ಪಿದವನನ್ನು ಮದುವೆಯಾದ ಹುಡುಗಿಯನ್ನು ತಂದೆ ಮತ್ತು ಚಿಕ್ಕಪ್ಪ ಗುಂಡಿಕ್ಕಿ, ಚೀಲದಲ್ಲಿ ಕಟ್ಟಿ ನೀರಿಗೆ ಹಾಕಿದರು. ಅವಳು ಬದುಕಿ ಬಂದಳು. ಮನೆಯವರು ಕ್ಷಮಿಸಿದರೆ ಕೊಲೆಗಾರ ಬಿಡುಗಡೆಯಾಗುವ ಕಾನೂನು ಅಲ್ಲಿ ಆಗ ಇತ್ತು. ಒತ್ತಾಯಕ್ಕೆ ಮಣಿದು ಅವಳು ಕ್ಷಮಿಸಿದಳು. ೨೦೧೬ರ ಫೆಬ್ರವರಿಯಲ್ಲಿ ಪ್ರಧಾನಿ ನವಾಜ್ ಷರೀಫ್ ತಮ್ಮ ನಿವಾಸದಲ್ಲಿ ಈ ಚಿತ್ರವನ್ನು ತೋರಿಸಿ ಕಾನೂನು ಬದಲಿಸುವ ಮಾತು ಕೊಟ್ಟರು. ಅದೇ ತಿಂಗಳು ಚಿತ್ರಕ್ಕೆ ಆಸ್ಕರ್ ಬಂತು. ಅಕ್ಟೋಬರಿನಲ್ಲಿ ಕಾನೂನು ಬದಲಾಯಿತು. ಚಿತ್ರವೇ ಕಾನೂನು ತಂದಿತೆನ್ನುವುದು ಎಷ್ಟು ಸುಲಭ! ಆದರೆ ೨೦೧೫ರಲ್ಲಿಯೇ ಅಂಥ ಮಸೂದೆ ಅಲ್ಲಿನ ಸೆನೆಟ್ಟಿನಲ್ಲಿ ಅಂಗೀಕಾರವಾಗಿ ಮುಂದೆ ಬಿದ್ದುಹೋಗಿತ್ತು. ೨೦೧೬ರ ಜುಲೈಯಲ್ಲಿ ಕಂದೀಲ್ ಬಲೋಚ್ ಎಂಬ ಪ್ರಸಿದ್ಧ ತರುಣಿಯನ್ನು ಅವಳ ಅಣ್ಣತಮ್ಮಂದಿರಲ್ಲೊಬ್ಬನೇ ಕೊಂದಾಗ ದೇಶವೆಲ್ಲ ಕುದಿಯಿತು. ಇವೆಲ್ಲದರ ಹಿಂದೆ ಮಹಿಳಾ ಸಂಘಟನೆಗಳು ದಶಕಗಳ ಕಾಲ ಸವೆಸಿದ ಚಪ್ಪಲಿಗಳಿವೆ. ಚಿತ್ರದ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಅಧಿಕಾರವಿದ್ದ ಒಬ್ಬ ಮನುಷ್ಯನನ್ನು ಸರಿಯಾದ ಹೊತ್ತಿನಲ್ಲಿ ಅದು ಕುರ್ಚಿಯಲ್ಲಿ ಕೂರಿಸಿ ನೋಡುವಂತೆ ಮಾಡಿತು. ಯೋಜನೆ ಎಂದರೆ ಇದೇ. ಇಷ್ಟನ್ನು ಹೇಳಿ ನಿಲ್ಲಿಸಿದರೆ ಗೌರವ.

ಈ ಯೋಜನೆ ಮತ್ತು ಅಳತೆ ಈಗ ಒಂದು ವೃತ್ತಿಯೇ ಆಗಿದೆ. ಚಿತ್ರ ಮುಗಿದ ಮೇಲೆ ಅದರ ಸಾಮಾಜಿಕ ಫಲವನ್ನು ನೋಡಿಕೊಳ್ಳುವುದಕ್ಕಾಗಿಯೇ ‘ಇಂಪ್ಯಾಕ್ಟ್ ಪ್ರೊಡ್ಯೂಸರ್’ ಎಂಬ ಅಧಿಕಾರಿಯನ್ನು ನೇಮಿಸುತ್ತಾರೆ. ಲಂಡನ್ನಿನ ಡಾಕ್ ಸೊಸೈಟಿ ಎಂಬ ಸಂಸ್ಥೆಯ ಕೈಪಿಡಿಯಲ್ಲಿ ಫಲವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಮನಸ್ಸು ಬದಲಾಗುವುದು, ನಡತೆ ಬದಲಾಗುವುದು, ಸಮುದಾಯ ಬಲಗೊಳ್ಳುವುದು, ಕಾನೂನು ಮುಂತಾದ ವ್ಯವಸ್ಥೆ ಬದಲಾಗುವುದು. ವಿಂಗಡಣೆ ಚೆನ್ನಾಗಿದೆ, ನಮ್ಮ ‘ಜಾಗೃತಿ’ಗಿಂತ ಸಾವಿರ ಪಾಲು ಮೇಲು. ನನ್ನ ಅಳುಕು ಬೇರೆ. ಹಣ ಕೊಟ್ಟವರು ವರದಿ ಕೇಳುತ್ತಾರೆ. ವರದಿಯಲ್ಲಿ ಚೆನ್ನಾಗಿ ಕಾಣುವುದನ್ನೇ ಎಣಿಸುವ ಆಸೆ ಹುಟ್ಟುತ್ತದೆ. ೧೯೩೫ರಲ್ಲಿ ಲಂಡನ್ನಿನ ಕೊಳೆಗೇರಿಗಳ ಬಗ್ಗೆ ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಚಿತ್ರ ಬಂತು. ಬಡವರು ತಮ್ಮ ಇಲಿ, ತಿಗಣೆ, ಸೋರುವ ಮಾಡುಗಳನ್ನು ಕುರಿತು ಕ್ಯಾಮೆರಾ ಎದುರು ತಾವೇ ಮಾತಾಡಿದ ಅಪೂರ್ವ ಚಿತ್ರ. ಹಣ ಕೊಟ್ಟದ್ದು ಗ್ಯಾಸ್ ಉದ್ಯಮದವರ ಸಂಘ. ಹೊಸ ಮನೆಗಳು ಎದ್ದರೆ ಗ್ಯಾಸೂ ಮಾರಾಟವಾದೀತಷ್ಟೆ? ಅವರು ಎಣಿಸಿದ್ದರೆ ಒಲೆಗಳನ್ನು ಎಣಿಸುತ್ತಿದ್ದರು. ತಿಗಣೆ ಕಚ್ಚಿಸಿಕೊಂಡವಳು ಬೇರೆ ಏನನ್ನೋ ಎಣಿಸುತ್ತಿದ್ದಳು.

ಹಾಗೆ ಎಣಿಸಿದ ಒಬ್ಬಾಕೆಯನ್ನು ನಮ್ಮ ದೇಶದ ಚಿತ್ರವೊಂದರಲ್ಲಿಯೇ ಕಾಣಬಹುದು. ಆನಂದ್ ಪಟವರ್ಧನ್ ೧೯೮೫ರಲ್ಲಿ ಮುಂಬಯಿಯ ಗುಡಿಸಲುಗಳ ನೆಲಸಮದ ಮೇಲೆ ತೆಗೆದ ‘ಹಮಾರಾ ಶಹರ್’ ಚಿತ್ರದಲ್ಲಿ ಬೀದಿಪಾಲಾದ ಹೆಂಗಸೊಬ್ಬಳು ಚಿತ್ರ ತೆಗೆಯುವವನ ಮೇಲೆಯೇ ತಿರುಗಿ ಬೀಳುತ್ತಾಳೆ. ಬಡವರ ಫೋಟೋ ತೆಗೆದು ಹೆಸರು ಮಾಡುತ್ತೀರಿ, ನಮಗೇನು ಬಂತು ಎಂಬುದು ಅವಳ ಮಾತಿನ ತಾತ್ಪರ್ಯ. ಪಟವರ್ಧನ್ ಅದನ್ನು ಕತ್ತರಿಸದೆ ಚಿತ್ರದಲ್ಲಿಯೇ ಉಳಿಸಿದರು. ಇಂಪ್ಯಾಕ್ಟ್ ಕೈಪಿಡಿಗಳೆಲ್ಲ ಒಂದು ಕಡೆ, ಆ ಹೆಂಗಸಿನ ಪ್ರಶ್ನೆ ಒಂದು ಕಡೆ. ನಮ್ಮ ಶಿಬಿರದ ಹಳ್ಳಿಯಲ್ಲಿ ಒಬ್ಬಳು ತಾಯಿ ಹೀಗೆಯೇ ಕೇಳಿದರೆ ನಮ್ಮ ಮಿತ್ರರು ಏನು ಹೇಳುವರು? ಅಂತರ ಕಾಲೇಜು ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಬಂತೆಂದೆ?

ಆದ್ದರಿಂದ ನನ್ನ ಸಲಹೆ ಇಷ್ಟು. ಕ್ಯಾಮೆರಾ ಇಲ್ಲದೆ ಎರಡು ದಿನ ಮೊದಲು ಹೋಗಿ ಆ ಹುಡುಗಿಯರ ಹತ್ತಿರ, ತಾಯಂದಿರ ಹತ್ತಿರ ಕೂರಬೇಕು. ನಾನು ಕೇಳಿ ತಿಳಿದಂತೆ ಅಲ್ಲಿಗೆ ಬೆಳಿಗ್ಗೆ ಬಸ್ಸು ಬರುವುದು ಹತ್ತೂವರೆಗೆ, ಶಾಲೆಯ ಗಂಟೆ ಹೊಡೆದ ಮೇಲೆ. ಸಂಜೆಯ ಕಡೆಯ ಬಸ್ಸು ಹೊರಡುವುದು ಮೂರೂವರೆಗೆ, ಗಂಟೆ ಹೊಡೆಯುವ ಮೊದಲು. ೨೦೨೩ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ಟು ಬೇಡವಾಯಿತು. ಬಾರದ ಬಸ್ಸಿಗೆ ಟಿಕೆಟ್ಟು ಇದ್ದರೇನು, ಇಲ್ಲದಿದ್ದರೇನು? ತಾಯಂದಿರು ಹೇಳುವುದೂ ಇದೇ ಆದರೆ, ನಮ್ಮ ಚಿತ್ರದ ನಿಜವಾದ ಪ್ರೇಕ್ಷಕರು ಡಿಪೋದ ಮ್ಯಾನೇಜರು, ಪಂಚಾಯಿತಿಯ ಸದಸ್ಯರು, ಹೆಚ್ಚೆಂದರೆ ಹತ್ತು ಜನ. ಅವರಿಗೆ ಎಂಟು ನಿಮಿಷದ ಚಿತ್ರ ಸಾಕು. ಹುಡುಗಿಯರಿಗೆ ಓದಿನ ಮಹತ್ವವನ್ನು ಬೋಧಿಸುವ ಪಿಟೀಲಿನ ಸಂಗೀತ ಬೇಕಾಗಿಲ್ಲ; ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬೇರೆ ಕಾರಣ ಹೇಳಿದರೆ, ಬೇಗ ಮದುವೆ ಎಂದೋ ಶೌಚಾಲಯವಿಲ್ಲವೆಂದೋ, ಚಿತ್ರವೂ ಬೇರೆಯಾಗಬೇಕು, ಪ್ರೇಕ್ಷಕರೂ ಬೇರೆಯಾಗಬೇಕು.

ಎಂಟರಿಂದ ಒಂಬತ್ತಕ್ಕೆ ಹೋದ ಹುಡುಗಿಯರೆಷ್ಟೆಂದು ಹಿಂದಿನ ಮೂರು ವರ್ಷದ ಲೆಕ್ಕವನ್ನು ಶಾಲೆಯ ದಾಖಲೆಯಿಂದ ಮೊದಲೇ ಬರೆದಿಟ್ಟುಕೊಳ್ಳಬೇಕು; ಚಿತ್ರ ತೆಗೆಯದ ಪಕ್ಕದ ಊರಿನದೂ ಇರಲಿ. ಮೊದಲ ಪ್ರದರ್ಶನ ಆ ಊರಿನ ಗುಡಿಯ ಕಟ್ಟೆಯ ಮೇಲೆ ನಡೆಯಬೇಕು, ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಲ್ಲ. ಯಾವಳಾದರೂ ತನ್ನ ಮುಖ ಬೇಡವೆಂದರೆ ಕಾರಣ ಕೇಳದೆ ತೆಗೆಯಬೇಕು. ಒಮ್ಮೆ ಮೊಬೈಲಿಗೆ ಹೋದ ಹೆಣ್ಣುಮಗಳ ಮುಖ ಊರಿನವರ ಬಾಯಲ್ಲಿ ಏನಾಗುತ್ತದೆಂಬುದು ನಮಗೆಲ್ಲ ತಿಳಿದದ್ದೇ. ಚಿತ್ರದಲ್ಲಿ ಮಾತಾಡಿದ್ದಕ್ಕಾಗಿ ಒಬ್ಬಳಿಗೆ ಮನೆಯಲ್ಲಿ ಪೆಟ್ಟು ಬಿದ್ದರೆ, ಒಬ್ಬಳ ಮದುವೆ ಆತುರದಿಂದ ನಿಶ್ಚಯವಾದರೆ, ಅದನ್ನೂ ಫಲದ ಪಟ್ಟಿಯಲ್ಲಿ ನಷ್ಟದ ಕಡೆ ಬರೆಯಬೇಕು. ಈ ಬಗೆಯ ಅಂಕಣವನ್ನು ಯಾವ ವರದಿಯಲ್ಲೂ ನಾನು ನೋಡಿದ್ದಿಲ್ಲ. ಲೆಕ್ಕದ ಪುಸ್ತಕ ಊರಿನ ಸ್ತ್ರೀಶಕ್ತಿ ಸಂಘದವರ ಹತ್ತಿರ ಇರಲಿ. ಫಲವೆಂದು ಏನನ್ನು ಬರೆಯತಕ್ಕದ್ದು, ಏನನ್ನು ಬಿಡತಕ್ಕದ್ದು ಎಂಬುದನ್ನು ಅವರೇ ಗೊತ್ತುಮಾಡಲಿ. ನಾವು ದಸರಾ ರಜೆಯಲ್ಲಿ ಹೋಗಿ ಓದಿಸಿಕೊಂಡು ಬಂದರಾಯಿತು.

ಇದರಿಂದ ಚಿತ್ರ ಸೊರಗೀತು, ಉತ್ಸಾಹ ಕುಗ್ಗೀತು ಎನ್ನುವವರಿದ್ದಾರೆ. ಬಸ್ಸು ಒಂದೂವರೆ ಗಂಟೆ ಮುಂಚೆ ಬರುವುದಾದರೆ ಸ್ವಲ್ಪ ಸೊರಗಿದ ಚಿತ್ರವೇ ನನಗೆ ಮೇಲೆನಿಸುತ್ತದೆ. ಈ ಸಂಚಿಕೆಯ ಸಂಪಾದಕರಲ್ಲಿ ಒಂದು ಬಿನ್ನಹ: ಮುಂದಿನ ವರ್ಷದ ಸಂಚಿಕೆಯಲ್ಲಿ ಒಂದು ಪುಟವನ್ನು ಈಗಲೇ ಆ ಹಳ್ಳಿಯ ಲೆಕ್ಕಕ್ಕೆಂದು ಮೀಸಲಿಡಬೇಕು. ಒಂಬತ್ತನೆಯ ತರಗತಿಗೆ ಹೋದವರ ಸಂಖ್ಯೆ ಹೆಚ್ಚಿದ್ದರೂ, ಇದ್ದಷ್ಟೇ ಇದ್ದರೂ, ಇಳಿದಿದ್ದರೂ, ಸಂಘದವರು ಬರೆದಂತೆಯೇ ಅಚ್ಚಾಗಲಿ. ಶಾಲೆಯ ದಾಖಲೆ ನೋಡುವುದಕ್ಕೆ ಮುಖ್ಯೋಪಾಧ್ಯಾಯರ ಅನುಮತಿ ಬೇಕು. ಬೇಸಗೆಯ ರಜೆಗೆ ಮುಂಚೆ ಪತ್ರ ಹೋಗದಿದ್ದರೆ ಜೂನಿನವರೆಗೆ ಕಾಯಬೇಕಾಗುತ್ತದೆ. ಪತ್ರದ ಕರಡನ್ನು ನಾನು ಬರೆದಿಟ್ಟಿದ್ದೇನೆ. ಪ್ರಾಂಶುಪಾಲರ ರುಜು ಆಗಬೇಕು.